ಮಗುವಿಗೆ ಕನ್ನಡಕ

ನಮ್ಮ ಅಜ್ಜ ತಮ್ಮ ಕನ್ನಡಕವನ್ನು ‘ಚಾಳೀಸು’ ಎಂದು ಕರೆಯುತ್ತಿದ್ದರು. ‘ಚಾಳೀಸು ಎಲ್ಲಿಟ್ಟೆನೋ, ನೋಡೋ ಮರಿ’ ಎಂದು ಪಂಚಾಂಗ ಹಿಡಿದುಕೊಂಡು ಕೂಗುವರು. ಅದು ಅವರ ಹಣೆಯ ಮೇಲೆಯೇ ಇರುವುದು. ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ಆ ಮಾತಿಗೆ ನಲವತ್ತು ಎಂದರ್ಥ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಕಾಣದಾಗುವುದರಿಂದ ವಯಸ್ಸಿನ ಹೆಸರೇ ವಸ್ತುವಿಗೂ ಬಂದಿತು. ಹೆಸರು ಹಳೆಯದಾಯಿತು, ಆದರೆ ಅದರೊಳಗಿನ ಭಾವನೆ ನಮ್ಮನ್ನು ಬಿಟ್ಟಿಲ್ಲ. ಕನ್ನಡಕವೆಂದರೆ ಮುದುಕರ ಆಸ್ತಿ, ಮಗುವಿಗೆ ಬಂದರೆ ಅದೊಂದು ಕುಂದು ಎಂದು ಇಂದಿಗೂ ಎಷ್ಟೋ ಮನೆಗಳಲ್ಲಿ ತಿಳಿಯುತ್ತಾರೆ. ಹೆಣ್ಣುಮಗುವಾದರಂತೂ ಕೇಳುವುದೇ ಬೇಡ.

ಈ ವಿಷಯ ಮಾತನಾಡಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ನಾನು ವೈದ್ಯನಲ್ಲ, ಅಂಗಡಿಯವನೂ ಅಲ್ಲ. ಹೊಳಲೂರಿನ ಕಡೆಯ ಕನ್ನಡ ಮೇಷ್ಟರು. ಆದರೆ ಒಂದು ತಪ್ಪು ಮಾಡಿದವನು ನಾನು, ಅದನ್ನು ಹೇಳಿಯೇ ಮುಂದಕ್ಕೆ ಹೋಗಬೇಕು.

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಎತ್ತರದ ಹುಡುಗಿಯಾದ್ದರಿಂದ ಹಿಂದಿನ ಬೆಂಚು. ಹಲಗೆಯ ಮೇಲೆ ಬರೆದದ್ದನ್ನು ನೋಡಿಕೊಂಡು ಬರೆಯಿರಿ ಎಂದರೆ ಅವಳ ಪುಸ್ತಕದಲ್ಲಿ ‘ಭಾಷೆ’ ಹೋಗಿ ‘ಬಾಪೆ’ ಆಗಿರುವುದು, ‘ಧನ’ ಹೋಗಿ ‘ದನ’ ಆಗಿರುವುದು. ನನಗೋ ಮಹಾಪ್ರಾಣವೆಂದರೆ ನಿಜವಾಗಿಯೂ ಪ್ರಾಣ. ‘ಹೊಟ್ಟೆ ಸೀಳಿದ ಷ ಬರೆಯಲು ಎಷ್ಟು ವರ್ಷ ಬೇಕಮ್ಮ ನಿನಗೆ?’ ಎಂದು ಎಲ್ಲರೆದುರಿಗೆ ಆಡಿದೆ. ಐದೈದು ಸಾರಿ ತಿದ್ದಿ ಬರೆಸಿದೆ. ಹೀಗೆಯೇ ಎರಡು ತಿಂಗಳು ಕಳೆಯಿತು. ಒಂದು ದಿನ ಅವಳ ಪಕ್ಕದಲ್ಲಿ ನಿಂತಿದ್ದಾಗ, ಹಲಗೆಯನ್ನು ನೋಡುವಾಗ ಅವಳು ಕಣ್ಣು ಕಿರಿದು ಮಾಡುವುದು ಕಂಡಿತು. ನಮ್ಮ ಲಿಪಿಯಲ್ಲಿ ಪಕಾರಕ್ಕೂ ಷಕಾರಕ್ಕೂ ಇರುವ ಅಂತರ ಹೊಟ್ಟೆಯೊಳಗಿನ ಒಂದು ಗೆರೆ. ದಕಾರಕ್ಕೂ ಧಕಾರಕ್ಕೂ ಇರುವುದು ಕೆಳಗಿನ ಒಂದು ಸೀಳು. ಆ ಗೆರೆ, ಆ ಸೀಳು ಅವಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಾಣದ್ದನ್ನು ಬರೆಯಲಿಲ್ಲವೆಂದು ನಾನು ಬೈದಿದ್ದೆ.

ತಂದೆಯನ್ನು ಕರೆಸಿ ಹೇಳಿದೆ. ಸ್ವಲ್ಪ ಗದ್ದೆ, ಸ್ವಲ್ಪ ಅಡಿಕೆ ಇರುವ ಮನುಷ್ಯ. ಮಾರನೆಯ ವಾರವೇ ಮಗಳನ್ನು ಹೊನ್ನಾಳಿ ಕಡೆಯಿಂದ ಬರುವ ಬಸ್ಸಿಗೆ ಹತ್ತಿಸಿಕೊಂಡು ಶಿವಮೊಗ್ಗಕ್ಕೆ ಹೋದರು. ಕಂಡ ಮೊದಲ ಅಂಗಡಿಗೆ ಹೊಕ್ಕು, ಯಂತ್ರದೊಳಗೆ ಅವಳು ಇಣುಕಿದ್ದೇ ತಡ, ಎರಡು ಸಾವಿರದ ನಾನೂರು ರೂಪಾಯಿಗೆ ಕನ್ನಡಕ ಕೊಂಡು ತಂದರು. ಹದಿನೈದು ದಿನಕ್ಕೆ ಅದು ಹುಡುಗಿಯ ಚೀಲ ಸೇರಿತು. ಹಾಕಿಕೊಂಡರೆ ತಲೆನೋವು, ಬಗ್ಗಿದರೆ ಮೂಗಿನಿಂದ ಜಾರುವುದು. ‘ಮೇಷ್ಟ್ರೇ, ದುಡ್ಡೂ ಹೋಯ್ತು, ಕಣ್ಣೂ ಸರಿಯಾಗಲಿಲ್ಲ. ಎಲ್ಲಿ ತಗೋಬೇಕಿತ್ತು, ನೀವೇ ಹೇಳಿ’ ಎಂದು ತಂದೆ ಬಂದು ನಿಂತರು. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ದಸರಾ ರಜೆಯಲ್ಲಿ ನಾವಿಬ್ಬರೂ ಮಗುವನ್ನು ಕರೆದುಕೊಂಡು ಮತ್ತೆ ಹೋದೆವು. ಅಲ್ಲಿ ನಾನು ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಕನ್ನಡಕ ಕೊಳ್ಳುವುದು ಅಂಗಡಿಯಲ್ಲಿ ಆರಂಭವಾಗುವುದಿಲ್ಲ. ದೊಡ್ಡವರ ಮಾತು ಬೇರೆ. ಮಗುವಿನ ಕಣ್ಣಿನೊಳಗಿನ ಸ್ನಾಯು ಬಹಳ ಚುರುಕು. ಯಂತ್ರದೊಳಗಿನ ಚಿತ್ರವನ್ನು ನೋಡುವಾಗ ಹತ್ತಿರದ ವಸ್ತುವನ್ನು ನೋಡುವಂತೆ ಅದು ಬಿಗಿದುಕೊಳ್ಳುತ್ತದೆ. ಆಗ ಯಂತ್ರವು ಇಲ್ಲದ ಮೈನಸ್ ನಂಬರನ್ನು ತೋರಿಸಿಬಿಡಬಹುದು. ಆದ್ದರಿಂದ ಮಕ್ಕಳಿಗೆ ಹನಿಮದ್ದು ಹಾಕಿ, ಆ ಸ್ನಾಯುವನ್ನು ಸಡಿಲಗೊಳಿಸಿ, ಆಮೇಲೆ ಪರೀಕ್ಷೆ ಮಾಡಬೇಕು. ನಮ್ಮ ಹುಡುಗಿಗೆ ಅಂಗಡಿಯ ಯಂತ್ರ ಕೊಟ್ಟದ್ದು ಮೈನಸ್ ಎರಡೂಕಾಲು. ಹನಿ ಹಾಕಿದ ಮೇಲೆ ಬಂದದ್ದು ಮೈನಸ್ ಒಂದೂವರೆ. ತಲೆನೋವಿಗೆ ಇನ್ನೇನು ಕಾರಣ ಬೇಕು? ಮೈನಸ್ ಒಂದೂವರೆ ಎಂದರೆ ಎರಡಡಿ ಚಿಲ್ಲರೆಯ ಆಚೆಗಿರುವುದೆಲ್ಲ ಮಸುಕು ಎಂದು ಲೆಕ್ಕ. ನನ್ನ ಹಲಗೆ ಅವಳ ಬೆಂಚಿನಿಂದ ಇಪ್ಪತ್ತಡಿ ದೂರ.

ಹನಿ ಹಾಕಿದ ಮೇಲೆ ಮಗುವಿಗೆ ಬೆಳಕು ಚುಚ್ಚುತ್ತದೆ, ಹತ್ತಿರದ ಅಕ್ಷರ ಕಾಣುವುದಿಲ್ಲ. ಕೆಲವು ಔಷಧಗಳ ಪ್ರಭಾವ ಒಂದು ದಿನಕ್ಕೆ ಇಳಿಯುತ್ತದೆ. ಆಟ್ರೋಪಿನ್ ಆದರೆ ಒಂದೆರಡು ವಾರ ಹಿಡಿಯಬಹುದು. ಪರೀಕ್ಷೆಯ ವಾರದಲ್ಲಿ ಕರೆದುಕೊಂಡು ಹೋಗಬೇಡಿ. ಪ್ರಭಾವ ಇಳಿದ ಮೇಲೆ ಮತ್ತೊಮ್ಮೆ ಕರೆಸಿ ನೋಡುವುದೂ ಉಂಟು. ಎರಡು ಓಡಾಟವೆಂದು ಗೊಣಗದೆ ಲೆಕ್ಕಕ್ಕೆ ಹಿಡಿದುಕೊಂಡೇ ಹೊರಡಿ.

ಎಲ್ಲಿ ತೋರಿಸುವುದು? ಶಿವಮೊಗ್ಗದಲ್ಲಿ ಸರ್ಕಾರದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ತೀರ್ಥಹಳ್ಳಿ ರಸ್ತೆಯ ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯಿದೆ. ಖಾಸಗಿ ವೈದ್ಯರೂ ಇದ್ದಾರೆ. ಭದ್ರಾವತಿಯವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಎಲ್ಲಿ ತೋರಿಸಿದರೂ ನಂಬರಿನ ಚೀಟಿಯನ್ನು ಕೇಳಿ ಪಡೆಯಿರಿ. ಆ ಚೀಟಿ ನಿಮ್ಮದು. ಅಲ್ಲಿಯೇ ಇರುವ ಅಂಗಡಿಯಲ್ಲಿ ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ; ಅಲ್ಲಿ ಅಗ್ಗವಾಗಿ ಸಿಕ್ಕರೆ ಬಿಡಬೇಕೆಂದೂ ಇಲ್ಲ. ಎರಡು ಕಣ್ಣುಪಾಪೆಗಳ ನಡುವಣ ಅಂತರವನ್ನೂ ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ಅದನ್ನು ಬರೆಯುವುದಿಲ್ಲ, ಕೇಳಿದರೆ ಬರೆದುಕೊಡುತ್ತಾರೆ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಇನ್ನು ಅಂಗಡಿ. ನಾವು ಗಾಜು ಎನ್ನುತ್ತೇವೆ. ಈಗ ಅದು ಗಾಜಲ್ಲ, ಪ್ಲಾಸ್ಟಿಕ್ಕು. ಪಾಠದ ಪುಸ್ತಕದಲ್ಲಿ ‘ಮಸೂರ’ ಎಂದಿರುತ್ತದೆ. ಮಸೂರವೆಂದರೆ ನಿಮ್ಮ ಅಡುಗೆಮನೆಯ ಚನ್ನಂಗಿ ಬೇಳೆಯೇ. ಆ ಕಾಳಿನ ಉಬ್ಬು ಆಕಾರದಿಂದ ಬಂದ ಹೆಸರು. ಲ್ಯಾಟಿನ್ನಿನ ‘ಲೆನ್ಸ್’ ಎಂಬುದೂ ಅದೇ ಕಾಳು. ಎಲ್ಲಿಯ ರೋಮು, ಎಲ್ಲಿಯ ನಮ್ಮ ಸಾರಿನ ಬೇಳೆ! ಇರಲಿ. ಮಕ್ಕಳಿಗೆ ನಿಜವಾದ ಗಾಜು ಬೇಡವೇ ಬೇಡ; ಭಾರ, ಮತ್ತು ಒಡೆದರೆ ಚೂರು ಕಣ್ಣಿಗೆ. ಸಾಧಾರಣ ಪ್ಲಾಸ್ಟಿಕ್ ಮಸೂರ ಅಗ್ಗ. ಪಾಲಿಕಾರ್ಬೊನೇಟ್ ಎಂಬುದು ಸ್ವಲ್ಪ ದುಬಾರಿ, ಆದರೆ ಪೆಟ್ಟಿಗೆ ಸುಲಭವಾಗಿ ಒಡೆಯದು. ಅದಕ್ಕೆ ಗೀರು ಬೇಗ ಬೀಳುವುದರಿಂದ ಮೇಲೆ ಗಟ್ಟಿ ಲೇಪ ಇರಬೇಕು. ಖೊಖೊ, ಕ್ರಿಕೆಟ್ ಆಡುವ ಮಗುವಿಗೆ, ಅದರಲ್ಲಿಯೂ ಒಂದೇ ಕಣ್ಣು ಚೆನ್ನಾಗಿರುವ ಮಗುವಿಗೆ, ಈ ಖರ್ಚನ್ನು ತಪ್ಪಿಸಬಾರದು.

ತಪ್ಪಿಸಬಹುದಾದ ಖರ್ಚು ಬೇರೆ ಇದೆ. ‘ಮೊಬೈಲಿನ ನೀಲಿ ಬೆಳಕನ್ನು ತಡೆಯುವ ಲೇಪ’ ಎಂದು ಕೆಲವು ನೂರು ರೂಪಾಯಿ ಸೇರಿಸುತ್ತಾರೆ. ಕೊಕ್ರೇನ್ ಎಂಬ ಸಂಶೋಧಕರ ಸಂಸ್ಥೆ 2023ರಲ್ಲಿ 17 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ, ಕಂಪ್ಯೂಟರ್ ನೋಟದ ಆಯಾಸಕ್ಕೆ ಸ್ವಲ್ಪಕಾಲದ ಬಳಕೆಯಲ್ಲಿ ಇದರಿಂದ ಪ್ರಯೋಜನ ಇರಲಾರದೆಂದು ಹೇಳಿತು. ಆ ದುಡ್ಡನ್ನು ಪಾಲಿಕಾರ್ಬೊನೇಟಿಗೆ ಹಾಕಿ. ಫ್ರೇಮಿನ ಮೇಲಿನ ಹೆಸರಿಗೆ ಕೊಡುವ ದುಡ್ಡೂ ಅಷ್ಟೆ. ಒಂದೇ ನಂಬರಿನ ಎರಡು ಕನ್ನಡಕಗಳ ನಡುವೆ ಸಾವಿರ ರೂಪಾಯಿ ಅಂತರವಿದ್ದರೆ ಅದರಲ್ಲಿ ದೊಡ್ಡ ಪಾಲು ಫ್ರೇಮಿನದೇ. ಫ್ರೇಮಿಗೆಷ್ಟು, ಮಸೂರಕ್ಕೆಷ್ಟು, ಲೇಪಕ್ಕೆಷ್ಟು ಎಂದು ಬಿಡಿಬಿಡಿಯಾಗಿ ಬರೆಸಿ. ‘ಎಲ್ಲಾ ಸೇರಿ ಇಷ್ಟು’ ಎನ್ನುವವರಿಂದ ಎದ್ದು ಬನ್ನಿ. ಬಿಲ್ಲು ಬೇಡವೆನ್ನಬೇಡಿ, ದೃಷ್ಟಿ ತಿದ್ದುವ ಕನ್ನಡಕದ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡ 5ಕ್ಕೆ ಇಳಿಸಲಾಗಿದೆ.

ನಮ್ಮ ಹುಡುಗಿಯ ಮೊದಲ ಕನ್ನಡಕದ ಇನ್ನೊಂದು ರೋಗ ಅಳತೆಯದು. ‘ಬೆಳೆಯೋ ಮಗು, ಸ್ವಲ್ಪ ದೊಡ್ಡದೇ ಇರಲಿ’ ಎಂದು ತಂದೆಯೇ ಹೇಳಿದ್ದರಂತೆ. ಜೂನಿನಲ್ಲಿ ಸಮವಸ್ತ್ರ ಹೊಲಿಸುವಾಗ ನಾವೆಲ್ಲರೂ ಹಾಗೆಯೇ ಹೇಳುತ್ತೇವಲ್ಲ? ಲಂಗವನ್ನಾದರೆ ಮಡಿಸಿ ಹೊಲಿಯಬಹುದು, ಕನ್ನಡಕವನ್ನು ಮಡಿಸಲಾಗದು. ಮಸೂರದ ಕೇಂದ್ರ ಸರಿಯಾಗಿ ಕಣ್ಣುಪಾಪೆಯ ಎದುರಿಗೇ ಬರಬೇಕು. ಕನ್ನಡಕ ಜಾರಿದಾಗ ಮಗು ಅದರ ಮೇಲಿನಿಂದ ನೋಡುತ್ತದೆ, ಹಾಕಿಯೂ ಹಾಕದಂತೆಯೇ. ಆದುದರಿಂದ ಮಗುವನ್ನು ಬಗ್ಗಿಸಿ, ತಲೆ ಅಲ್ಲಾಡಿಸಲು ಹೇಳಿ ನೋಡಿ. ಮೂಗಿನ ಸೇತುವೆ ಕೂರಬೇಕು, ಕಡ್ಡಿ ಕಿವಿಯ ಹಿಂದೆ ಒತ್ತದೆ ಹಿಡಿಯಬೇಕು, ರೆಪ್ಪೆ ಮಸೂರಕ್ಕೆ ತಾಗಬಾರದು. ಬಣ್ಣವನ್ನು ಮಾತ್ರ ಮಗುವೇ ಆರಿಸಲಿ. ತಾನು ಮೆಚ್ಚಿದ್ದನ್ನು ಮಗು ಚೀಲದಲ್ಲಿ ಮುಚ್ಚಿಡುವುದಿಲ್ಲ.

ಈಗ ಕಂಪ್ಯೂಟರಿನಲ್ಲಿಯೇ ತರಿಸಿಕೊಳ್ಳುವ ಅನುಕೂಲವುಂಟು. ಬೆಲೆ ಕಡಿಮೆಯಿರುವುದು ಸುಳ್ಳಲ್ಲ. ಆದರೆ ಮೊದಲ ಕನ್ನಡಕಕ್ಕೆ, ಚಿಕ್ಕ ಮಕ್ಕಳಿಗೆ, ನಂಬರು ದೊಡ್ಡದಿದ್ದವರಿಗೆ ಅದು ಬೇಡವೆಂದು ನನ್ನ ಅಭಿಪ್ರಾಯ. ಮುಖಕ್ಕೆ ಕೂರಿಸಿ ನೋಡುವವರು ಬೇಕು. ಒಮ್ಮೆ ಅಳತೆ ಗೊತ್ತಾದ ಮೇಲೆ, ಪಾಪೆಗಳ ಅಂತರ ಚೀಟಿಯಲ್ಲಿದ್ದರೆ, ಮನೆಯಲ್ಲಿಡುವ ಎರಡನೆಯ ಜೊತೆಯನ್ನು ಧಾರಾಳವಾಗಿ ತರಿಸಿ. ಹೊಸ ಕನ್ನಡಕ ಚೀಟಿಯ ಪ್ರಕಾರ ಇದೆಯೋ ಇಲ್ಲವೋ ಎಂಬ ಸಂದೇಹವಿದ್ದರೆ, ಅಂಗಡಿಗಳಲ್ಲಿ ಲೆನ್ಸೋಮೀಟರ್ ಎಂಬ ಉಪಕರಣವಿರುತ್ತದೆ. ಎರಡು ನಿಮಿಷದಲ್ಲಿ ಹಿಡಿದು ನೋಡಿ ಹೇಳುತ್ತಾರೆ.

ನಾವು ಕೊನೆಗೆ ಕೊಂಡದ್ದು ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದ ಒಂದು ಸಣ್ಣ ಅಂಗಡಿಯಲ್ಲಿ, 950 ರೂಪಾಯಿಗೆ. ಅದನ್ನು ಆರಿಸಿದ್ದಕ್ಕೆ ಬೆಲೆಯೊಂದೇ ಕಾರಣವಲ್ಲ. ‘ಕಡ್ಡಿ ಸಡಿಲಾದರೆ ಯಾವಾಗ ಬೇಕಾದರೂ ಬನ್ನಿ, ಬಿಗಿ ಮಾಡಿ ಕೊಡ್ತೀನಿ, ದುಡ್ಡು ಬೇಡ’ ಎಂದ ಅಂಗಡಿಯವರ ಮಾತು. ಮಕ್ಕಳ ಕನ್ನಡಕ ವರ್ಷಕ್ಕೆ ಹತ್ತು ಸಾರಿ ಸೊಟ್ಟಗಾಗುತ್ತದೆ. ದೂರದ ಅಗ್ಗದ ಅಂಗಡಿಗಿಂತ ದಾರಿಯಲ್ಲಿ ಸಿಗುವ ಅಂಗಡಿ ವರ್ಷದ ಕೊನೆಗೆ ಅಗ್ಗವಾಗುತ್ತದೆ.

ಅಷ್ಟೂ ಕೈಲಾಗದವರು ಶಾಲೆಯಲ್ಲಿ ಕೇಳಿರಿ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾಮಕ್ಕಳ ಕಣ್ಣು ತಪಾಸಣೆಯೂ ಬಡಮಕ್ಕಳಿಗೆ ಉಚಿತ ಕನ್ನಡಕವೂ ಸೇರಿವೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳೂ ಶಾಲೆಗೆ ಬರುತ್ತವೆ. ತಂಡ ಬಂದ ದಿನ ಮಗುವನ್ನು ಶಾಲೆ ತಪ್ಪಿಸಬೇಡಿ.

ಒಂದು ಮಾತು ಅಜ್ಜಿಯರಿಗೆ. ‘ಹಾಕ್ತಾ ಹೋದರೆ ನಂಬರು ಏರುತ್ತೆ’ ಎನ್ನುತ್ತಾರೆ. ನಂಬರು ಏರುವುದು ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದರಿಂದ, ಕನ್ನಡಕದಿಂದಲ್ಲ. ಮಲೇಷ್ಯದಲ್ಲಿ ಬೇಕೆಂದೇ ಕಡಮೆ ನಂಬರು ಕೊಟ್ಟ ಮಕ್ಕಳಿಗೆ ದೋಷ ಹೆಚ್ಚು ಬೇಗ ಏರಿತೆಂದು 2002ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಮಗು ದಿನಕ್ಕೆ ಎರಡು ಗಂಟೆ ಬಯಲಿನಲ್ಲಿ ಆಡಲಿ. ಅದಕ್ಕೆ ಕಾಸು ಬೇಡ.

ಹುಡುಗಿಗೆ ಆರು ವರ್ಷದ ತಮ್ಮನಿದ್ದಾನೆ. ‘ಅವನನ್ನೂ ಒಮ್ಮೆ ತೋರಿಸಿ’ ಎಂದು ಡಾಕ್ಟರಮ್ಮ ಹೇಳಿದ್ದರು. ಅವನು ಚೆನ್ನಾಗಿಯೇ ನೋಡುತ್ತಿದ್ದನಲ್ಲ ಎಂದು ತಾಯಿ ಹಿಂದೆಗೆದರು; ಆದರೂ ಕರೆದೊಯ್ದರು. ಬಲಗಣ್ಣು ಸರಿಯಾಗಿತ್ತು, ಎಡಗಣ್ಣು ಬಹಳ ಮಂಕು. ಒಂದು ಕಣ್ಣೇ ಎಲ್ಲ ಕೆಲಸ ಮಾಡುತ್ತಿದ್ದುದರಿಂದ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಸೋಮಾರಿ ಕಣ್ಣು ಎನ್ನುವ ಈ ತೊಂದರೆಗೆ ಏಳೆಂಟು ವರ್ಷದೊಳಗೆ ಚಿಕಿತ್ಸೆ ಮಾಡಿದರೆ ಫಲ ಚೆನ್ನಾಗಿ ಸಿಗುತ್ತದೆ, ತಡವಾದಷ್ಟೂ ಕಷ್ಟ. ಅವನಿಗೂ ಕನ್ನಡಕವಾಯಿತು, ಜೊತೆಗೆ ದಿನಕ್ಕೆ ಎರಡು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಬೇಕು. ಮೊದಲ ವಾರ ಪಟ್ಟಿಯನ್ನು ಕಿತ್ತು ಕೊಟ್ಟಿಗೆಯ ಕರುವಿನ ಹಣೆಗೆ ಅಂಟಿಸಿದ್ದನಂತೆ. ಈಗ ಅಕ್ಕ ಪಕ್ಕದಲ್ಲಿ ಕೂತು, ಪಟ್ಟಿ ಹಾಕಿರುವಷ್ಟು ಹೊತ್ತು ಅವನಿಗೆ ಅಕ್ಷರ ತಿದ್ದಿಸುತ್ತಾಳೆ.