ಜೋಡಿ ಸರಿಯಿದ್ದರೆ ಜನ ಬರುತ್ತಾರೆ

ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ರಸ್ತೆಯೂ ಗೋಕಾಕದಿಂದ ಸವದತ್ತಿಯ ಕಡೆಗೆ ಹೋಗುವ ರಸ್ತೆಯೂ ಕೂಡುವ ಊರು ಯರಗಟ್ಟಿ. ಮೊದಲು ಸವದತ್ತಿ ತಾಲ್ಲೂಕಿಗೆ ಸೇರಿದ್ದ ಊರು, ಈಗ ತಾನೇ ಒಂದು ತಾಲ್ಲೂಕು. ನಾಲ್ಕು ದಿಕ್ಕಿನ ಬಸ್ಸುಗಳು ಬಂದು ನಿಲ್ಲುವ ಇಂಥ ಊರಿನಲ್ಲಿ ಜನಕ್ಕೇನೂ ಬರವಿಲ್ಲ. ಆದರೆ ಇಂಥ ಊರಿನ ಒಂದು ಕಾಲೇಜು ಬಾಸ್ಕೆಟ್‌ಬಾಲ್ ತಂಡವನ್ನು ಕಟ್ಟಿತು ಎಂದಿಟ್ಟುಕೊಳ್ಳಿ. ಅದು ಯಾರೊಡನೆ ಆಡಬೇಕು? ಅದರ ಆಟ ನೋಡಲು ಯಾರು ಬಂದಾರು? ಇವೆರಡು ಬೇರೆ ಬೇರೆ ಪ್ರಶ್ನೆಗಳಂತೆ ತೋರುತ್ತವೆ. ನನಗೆ ಮಾತ್ರ ಎರಡೂ ಒಂದೇ ಎನಿಸುತ್ತದೆ.

ನಾನು ಹೇಳುತ್ತಿರುವುದು ಮಧ್ಯಮ ದರ್ಜೆಯ ತಂಡದ ಮಾತು. ಬಹಳ ಒಳ್ಳೆಯ ತಂಡಕ್ಕೆ ಎಲ್ಲ ಕಡೆಯಿಂದಲೂ ಕರೆ ಬರುತ್ತದೆ. ತೀರ ಕೆಳಗಿನ ತಂಡ ತನ್ನ ಪಾಡಿಗೆ ತಾನು ಸಂಜೆ ಆಡಿಕೊಂಡಿರುತ್ತದೆ. ನಡುವಿನದರ ಗತಿಯೇ ಕಷ್ಟ. ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳನ್ನು ನೋಡಿ. ಬೆಳಗಾವಿ ಜಿಲ್ಲೆಯ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಆಶ್ರಯಕ್ಕೆ ಬಂದವು. ಇಂಥ ಪಂದ್ಯಾವಳಿಗಳು ಸಾಮಾನ್ಯವಾಗಿ ಸೋತವರು ಹೊರಗೆ ಎಂಬ ಕ್ರಮದಲ್ಲಿ ನಡೆಯುತ್ತವೆ. ಖರ್ಚು ಕಡಿಮೆ, ಎರಡು ಮೂರು ದಿನದಲ್ಲಿ ಮುಗಿದುಹೋಗುತ್ತದೆ. ಆದರೆ ಸ್ವಲ್ಪ ಲೆಕ್ಕ ಹಾಕಿ. 16 ತಂಡಗಳು ಬಂದರೆ ಒಟ್ಟು 15 ಪಂದ್ಯ. ಮೊದಲ ಸುತ್ತಿನಲ್ಲೇ 8 ತಂಡಗಳು ಮನೆಗೆ ಹೊರಟವು. ಎಂದರೆ ಬಂದವರಲ್ಲಿ ಅರ್ಧಕ್ಕರ್ಧ ಜನ ಆಡಿದ್ದು ಒಂದೇ ಒಂದು ಆಟ. ಹತ್ತು ಹತ್ತು ನಿಮಿಷದ ನಾಲ್ಕು ಪಾಳಿ, ನಲವತ್ತು ನಿಮಿಷ. ಜೂನ್ ಜುಲೈಯಿಂದ ಮುಂಜಾನೆ ಎದ್ದು ಓಡಿದ್ದು, ಬಿಸಿಲಲ್ಲಿ ಚೆಂಡು ಬಡಿದದ್ದು, ಆ ನಲವತ್ತು ನಿಮಿಷಕ್ಕೆ. ಅದೂ ಬೇರೆಯವರ ಊರಿನಲ್ಲಿ, ಗುರುತಿನ ಒಂದು ಮುಖವೂ ಇಲ್ಲದ ಕಡೆ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಆ ತಂಡದಲ್ಲಿದ್ದರೆ ನೀವು ಒಂದು ಸಲವೂ ಅವರ ಆಟ ನೋಡದೆ ಮೂರು ವರ್ಷ ಕಳೆದು, ಅವರು ಪದವಿ ಪಡೆದು ಹೊರಬಂದಿರುತ್ತಾರೆ.

ಆದ್ದರಿಂದ ವಿಶ್ವವಿದ್ಯಾಲಯದ ಪಂದ್ಯವನ್ನೇ ನೆಚ್ಚಿಕೊಂಡು ಕೂಡಬಾರದು. ಎದುರಾಳಿಯನ್ನು ನಾವೇ ಹುಡುಕಿಕೊಳ್ಳಬೇಕು. ಅದು ಹೇಗೆ ಎಂಬುದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಜಾತ್ರೆಯ ಕುಸ್ತಿಯಲ್ಲೇ ಅದು ಇದೆ.

ಈ ಭಾಗದಲ್ಲಿ ಜಂಗಿ ನಿಕಾಲಿ ಕುಸ್ತಿಯನ್ನು ನೋಡದವರು ಕಡಿಮೆ. ಕಣದಲ್ಲಿ ಕುಸ್ತಿ ಹಿಡಿಯುವವರು ಪೈಲವಾನರು. ಆದರೆ ಕಣ ತುಂಬುವಂತೆ ಮಾಡುವವರು ಜೋಡಿ ಹಚ್ಚುವ ಹಿರಿಯರು. ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಎತ್ತರ, ಮೈಕಟ್ಟು, ತೂಕಗಳನ್ನು ಕಣ್ಣಿನಲ್ಲೇ ಅಳೆಯುತ್ತಾರೆ. ಯಾವ ತಾಲೀಮಿನವನು, ಯಾರ ಕೈಯಲ್ಲಿ ಪಳಗಿದವನು, ಹಿಂದೆ ಎಲ್ಲಿ ಯಾರನ್ನು ಚಿತ್ ಮಾಡಿದವನು ಎಂದು ವಿಚಾರಿಸುತ್ತಾರೆ. ಒಂದೇ ತಾಲೀಮಿನ ಇಬ್ಬರನ್ನು ಹಚ್ಚಲು ಮನಸ್ಸು ಮಾಡುವುದಿಲ್ಲ. ಅವರು ಮನಸ್ಸಿಟ್ಟು ಹಿಡಿಯಲಾರರೆಂಬುದು ನೋಡುವವರಿಗೂ ಗೊತ್ತು. ಆನೆಗೂ ಆಡಿಗೂ ಜೋಡಿ ಹಚ್ಚಿದರೆ ಜನ ನಕ್ಕು ಎದ್ದುಹೋಗುತ್ತಾರೆ. ಯಾರು ಗೆಲ್ಲುವರೆಂದು ಹೇಳಲಾಗದಂಥ ಜೋಡಿ ಬಿತ್ತೆಂದರೆ ಹಲಗಿಯ ಸದ್ದೇ ಬೇರೆಯಾಗುತ್ತದೆ. ಇನ್ನೊಂದು ಮಾತು. ಮೊದಲು ಹುಡುಗರ ಜೋಡಿ, ತೆಂಗಿನಕಾಯಿಯಂಥ ಸಣ್ಣ ಇನಾಮು. ಹೊತ್ತು ಏರಿದಂತೆ ಜೋಡಿಯೂ ಇನಾಮೂ ದೊಡ್ಡದಾಗುತ್ತ ಹೋಗಿ ಬೆಳ್ಳಿಯ ಕಡಗವೋ ಗದೆಯೋ ಕೊನೆಗೆ. ಊರಿನ ಹುಡುಗ ಕಣಕ್ಕಿಳಿದದ್ದಕ್ಕೆ ಅವನ ಓಣಿಯೆಲ್ಲ ಬಂದಿರುತ್ತದೆ. ಬಂದವರು ದೊಡ್ಡ ಜೋಡಿ ಮುಗಿಯುವವರೆಗೆ ಕದಲುವುದಿಲ್ಲ.

ಇದೇ ಯುಕ್ತಿಯಿಂದ ಅಮೆರಿಕದಲ್ಲಿ ಕಾಲೇಜು ಬಾಸ್ಕೆಟ್‌ಬಾಲಿಗೆ ಜನ ಕೂಡಿದರು ಎಂದರೆ ನಿಮಗೆ ಸೋಜಿಗವಾದೀತು. ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಚಳಿಗಾಲದಲ್ಲಿ ಒಳಗೆ ಆಡಲು ಏನಾದರೂ ಬೇಕೆಂದು ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಹೊಡೆಸಿದರು. ಬುಟ್ಟಿಗೆ ತಳವಿತ್ತು. ಚೆಂಡು ಬಿದ್ದರೆ ಏಣಿ ಹತ್ತಿ ತೆಗೆಯಬೇಕು. ಮೊದಲ ದಿನ ಒಂದೇ ಸಲ ಬಿತ್ತಂತೆ, ಅಷ್ಟಕ್ಕೇ ಆಟ ಮುಗಿಯಿತು. ಮುಂದೆ ನಲವತ್ತು ವರ್ಷ ಕಳೆದರೂ ಕಾಲೇಜುಗಳು ತಮ್ಮ ತಮ್ಮ ಇಕ್ಕಟ್ಟಾದ ವ್ಯಾಯಾಮ ಶಾಲೆಗಳಲ್ಲೇ ಆಡುತ್ತಿದ್ದವು. ನ್ಯೂಯಾರ್ಕಿನ ನೆಡ್ ಐರಿಷ್ ಎಂಬ ಪತ್ರಿಕಾ ವರದಿಗಾರ, ಬಾಗಿಲಲ್ಲಿ ಜನ ತುಂಬಿದ್ದರಿಂದ ಕಿಟಕಿಯಿಂದ ಒಳಗೆ ತೂರಲು ಹೋಗಿ ಷರಾಯಿ ಹರಿದುಕೊಂಡನೆಂದು ಕಥೆ. ಕಥೆ ನಿಜವೋ ಸುಳ್ಳೋ, ಆತ ಮಾಡಿದ ಕೆಲಸ ನಿಜ. 1934ರ ಡಿಸೆಂಬರ್ 29ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ದೊಡ್ಡ ಸಭಾಂಗಣವನ್ನು ಹಿಡಿದು ಒಂದೇ ಸಂಜೆ ಎರಡು ಪಂದ್ಯ ಏರ್ಪಡಿಸಿದ. ಎರಡರಲ್ಲೂ ಊರಿನ ಒಂದು ಕಾಲೇಜು, ಹೊರಗಿನ ಒಂದು ಕಾಲೇಜು. ಸೇಂಟ್ ಜಾನ್ಸ್ ಎದುರಿಗೆ ವೆಸ್ಟ್‌ಮಿನ್‌ಸ್ಟರ್; ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎದುರಿಗೆ ಹೆಸರಾಂತ ನಾಟರ್‌ಡೇಮ್. ಹದಿನಾರು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಜೋಡಿ ಹಚ್ಚುವ ನಮ್ಮ ಹಿರಿಯರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.

ಅದೇ ಅಮೆರಿಕದಲ್ಲಿ ಮಧ್ಯಮ ದರ್ಜೆಯ ಕಾಲೇಜುಗಳ ಗೋಳು ಇಂದಿಗೂ ಇದೆ. ದೊಡ್ಡ ಕಾಲೇಜು ಸಣ್ಣದಕ್ಕೆ ಹಣ ಕೊಟ್ಟು ತನ್ನ ಅಂಗಳಕ್ಕೆ ಕರೆಸಿಕೊಂಡು ಸೋಲಿಸಿ ಕಳಿಸುತ್ತದೆ. ನಡುವಿನ ತಂಡದ ಅಂಗಳಕ್ಕೆ ತಾನು ಮಾತ್ರ ಹೋಗುವುದಿಲ್ಲ. ಗೆದ್ದರೆ ಕೀರ್ತಿಯಿಲ್ಲ, ಸೋತರೆ ಅಪಕೀರ್ತಿ, ಹೋಗುವುದಾದರೂ ಏತಕ್ಕೆ? ಬೆಳಗಾವಿಯದೋ ಧಾರವಾಡದ್ದೋ ಒಂದು ದೊಡ್ಡ ಕಾಲೇಜು ಯರಗಟ್ಟಿಗೆ ಬಂದು ಆಡಲು ಒಪ್ಪದಿದ್ದರೆ ಅದರಲ್ಲಿ ಸೊಕ್ಕೇನೂ ಇಲ್ಲ, ಲೆಕ್ಕವಿದೆ.

ಹಾಗಾದರೆ ನೆರೆಯವರೇ ಗತಿ. ಗತಿ ಎಂದೆ, ಭಾಗ್ಯ ಎಂದರೂ ನಡೆದೀತು. ಸವದತ್ತಿ, ಬೈಲಹೊಂಗಲ, ರಾಮದುರ್ಗ, ಕಿತ್ತೂರು, ಗೋಕಾಕ, ಇವೆಲ್ಲ ಹೋಗಿ ಆಡಿ ರಾತ್ರಿಯೊಳಗೆ ಮನೆ ಸೇರಬಹುದಾದ ಊರುಗಳು. ಹೊಲದ ಕೆಲಸದಲ್ಲಿ ನಮಗೆ ಮುಯ್ಯಾಳಿನ ಪದ್ಧತಿ ಗೊತ್ತು. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಕೂಲಿಯ ಮಾತಿಲ್ಲ. ಕಾಲೇಜುಗಳೂ ಹಾಗೆಯೇ ಮಾತು ಮಾಡಿಕೊಳ್ಳಬೇಕು. ಬಂದ ತಂಡಕ್ಕೆ ಊಟ ಇವರದು, ಬಸ್ಸಿನ ಖರ್ಚು ಅವರದು. ಹೋದಾಗ ಅದಲುಬದಲು.

ನಾಲ್ಕು ಕಾಲೇಜು ಕೂಡಿದವೆನ್ನಿ: ಯರಗಟ್ಟಿ, ಸವದತ್ತಿ, ಬೈಲಹೊಂಗಲ, ರಾಮದುರ್ಗ. ಪ್ರತಿಯೊಬ್ಬರೂ ಪ್ರತಿಯೊಬ್ಬರೊಡನೆ ತಮ್ಮ ಊರಲ್ಲೊಮ್ಮೆ, ಅವರ ಊರಲ್ಲೊಮ್ಮೆ ಆಡಿದರೆ ಒಟ್ಟು 12 ಪಂದ್ಯ. ಒಂದೊಂದು ತಂಡಕ್ಕೆ 6, ಅದರಲ್ಲಿ 3 ತನ್ನ ಊರಿನ ಜನರ ಮುಂದೆ. ಒಂದು ಆಡಿ ಮನೆಗೆ ಬರುವುದೆಲ್ಲಿ, ಆರು ಆಡುವುದೆಲ್ಲಿ! ಪಟ್ಟಿ ಹಾಕುವುದೂ ಕಷ್ಟವಲ್ಲ. ಕಣದಲ್ಲಿ ರಾಶಿ ತುಳಿಸುವಾಗ ಮೇಟಿ ನಿಂತಲ್ಲೇ ನಿಂತು ಎತ್ತುಗಳು ಸುತ್ತುತ್ತವಲ್ಲ, ಹಾಗೆ ಒಂದು ತಂಡದ ಹೆಸರನ್ನು ನಿಲ್ಲಿಸಿ ಮಿಕ್ಕವನ್ನು ವಾರಕ್ಕೊಂದು ಸ್ಥಾನ ಸುತ್ತಿಸುತ್ತ ಹೋಗಬೇಕು. ಮೊದಲ ವಾರ ಯರಗಟ್ಟಿಗೆ ಸವದತ್ತಿ, ಬೈಲಹೊಂಗಲಕ್ಕೆ ರಾಮದುರ್ಗ. ಎರಡನೆಯ ವಾರ ಯರಗಟ್ಟಿಗೆ ರಾಮದುರ್ಗ, ಸವದತ್ತಿಗೆ ಬೈಲಹೊಂಗಲ. ಮೂರನೆಯ ವಾರ ಯರಗಟ್ಟಿಗೆ ಬೈಲಹೊಂಗಲ, ರಾಮದುರ್ಗಕ್ಕೆ ಸವದತ್ತಿ. ಇನ್ನು ಮೂರು ವಾರ ಇದನ್ನೇ ಊರು ಬದಲಿಸಿ ಆಡಿದರಾಯಿತು. ಐದನೆಯವರು ಬಂದರೆ ವಾರಕ್ಕೊಬ್ಬರಿಗೆ ಬಿಡುವು. ಎಲ್ಲಿಯೋ ಹತ್ತು ಜನ ಆಟಗಾರರೂ ಸಿಗದ ಕಾಲೇಜಿದ್ದರೆ ಅದನ್ನೂ ಹೊರಗಿಡಬೇಕಾಗಿಲ್ಲ. ಮೂವರು ಮೂವರ ಆಟ ಟೋಕಿಯೊ ಒಲಿಂಪಿಕ್ಸಿನಲ್ಲೇ, 2021ರಲ್ಲಿ, ಸೇರಿಹೋಯಿತು. ಅರ್ಧ ಅಂಗಳ ಸಾಕು, ಒಂದೇ ಬುಟ್ಟಿ ಸಾಕು. ಹತ್ತು ನಿಮಿಷ, ಇಲ್ಲವೆ ಮೊದಲು 21 ಅಂಕ ಮಾಡಿದವರದು ಗೆಲವು.

ದೊಡ್ಡ ತಂಡವನ್ನು ಕರೆಯಲೇಬಾರದೆಂದಲ್ಲ. ವರ್ಷಕ್ಕೊಮ್ಮೆ ಕರೆಯಿರಿ, ಕೊನೆಯ ಜೋಡಿಯಾಗಿ. ಮೊದಲಿಗೇ ಕರೆದು ನಲವತ್ತು ಅಂಕದಿಂದ ಸೋತರೆ ಊರಿನವರು ಎರಡನೆಯ ಆಟಕ್ಕೆ ಬರುವುದಿಲ್ಲ. ನೆರೆಯವರೊಡನೆ ಒಂದೆರಡು ಅಂಕದ ಅಂತರದಲ್ಲಿ ಸೋತರೆ ಮಾತ್ರ ಖಂಡಿತ ಬರುತ್ತಾರೆ. ಗೆಲ್ಲಬೇಕೆಂದು ಕಾಲೇಜಿನ ಹೊರಗಿನ ಆಟಗಾರನನ್ನು ವಿದ್ಯಾರ್ಥಿಯೆಂದು ತಂದು ಆಡಿಸುವವರೂ ಉಂಟು. ನ್ಯಾಯದ ಮಾತು ಹಾಗಿರಲಿ, ಅವನ ಹೆಸರು ಹಿಡಿದು ಕೂಗಲು ಊರಿನಲ್ಲಿ ಯಾರಿದ್ದಾರೆ?

ಈಗ ಜನರ ವಿಷಯ. ಆಟವೇ ತಿಳಿಯದಿದ್ದರೆ ಯಾರು ನಿಂತು ನೋಡುತ್ತಾರೆ? ಕಬಡ್ಡಿ, ಕುಸ್ತಿಗಳನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಬಾಸ್ಕೆಟ್‌ಬಾಲಿನಲ್ಲಿ ಸೀಟಿ ಊದಿದಾಗಲೆಲ್ಲ ಅರ್ಧ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆದ್ದರಿಂದ ಮೈಕು ಹಿಡಿದು ಕನ್ನಡದಲ್ಲಿ, ಅದರಲ್ಲೂ ಇಲ್ಲಿಯ ಮಾತಿನಲ್ಲಿ, ಹೇಳುವವರೊಬ್ಬರು ಬೇಕು. ಬುಟ್ಟಿ ನೆಲದಿಂದ ಹತ್ತು ಅಡಿ ಎತ್ತರ. ಹತ್ತಿರದಿಂದ ಹಾಕಿದರೆ ಎರಡು ಅಂಕ, ಕಮಾನಿನ ಗೆರೆಯ ಹೊರಗಿಂದ ಹಾಕಿದರೆ ಮೂರು, ದಂಡದ ಎಸೆತಕ್ಕೆ ಒಂದು. ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಬುಟ್ಟಿಗೆ ಗುರಿಯಿಡಬೇಕು. ಇಷ್ಟು ತಿಳಿದರೆ ಅಜ್ಜಿಯೂ ಕೂತು ನೋಡಿಯಾಳು. ನಾವು ರೇಡಿಯೊ ಕೇಳುವವರು ವೀಕ್ಷಕ ವಿವರಣೆಯಿಂದಲೇ ಕ್ರಿಕೆಟ್ ಕಲಿತವರು ಎಂಬುದನ್ನು ಮರೆಯಬೇಡಿ.

ಕೂಡುವ ಜಾಗವೂ ಮುಖ್ಯ. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ 1912ರದು. ಕಣ ನಡುವೆ ತಗ್ಗಿನಲ್ಲಿ, ಸುತ್ತ ಇಳಿಜಾರು. ಎಷ್ಟು ಹಿಂದೆ ಕುಳಿತವನಿಗೂ ಮುಂದಿನವನ ರುಮಾಲು ಅಡ್ಡಬರುವುದಿಲ್ಲ. ಕಾಲೇಜಿನಲ್ಲಿ ಅಂಥದ್ದನ್ನು ಕಟ್ಟಲಾರೆವು ಸರಿ. ಆದರೆ ಅಂಗಳದ ಒಂದು ಮಗ್ಗುಲಿಗೆ ಮಣ್ಣಿನ ದಿಬ್ಬ ಹಾಕಿ ಮೂರು ಮೆಟ್ಟಿಲು ಮಾಡಲು ಎಷ್ಟು ಖರ್ಚಾದೀತು? ಹೆಣ್ಣುಮಕ್ಕಳಿಗೆ ಬೇರೆ ಒಂದು ಬದಿ ಇದ್ದರೆ ತಾಯಂದಿರೂ ಬರುತ್ತಾರೆ. ಹುಡುಗಿಯರ ತಂಡದ ಆಟವನ್ನು ಮಧ್ಯಾಹ್ನ ಯಾರೂ ಇಲ್ಲದಾಗ ಮುಗಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದೂ ಸಂಜೆಯ ಜೋಡಿಯಲ್ಲಿ ಬರಲಿ. ಮೊದಲು ಪ್ರೌಢಶಾಲೆಯ ಮಕ್ಕಳದೊಂದು ಹತ್ತು ನಿಮಿಷದ ಆಟ, ತೆಂಗಿನಕಾಯಿಯ ಜೋಡಿಯಂತೆ. ನಡುವೆ ಒಂದು ಕಬಡ್ಡಿ ಇದ್ದರೂ ಅಡ್ಡಿಯಿಲ್ಲ. ಕಬಡ್ಡಿಗೆಂದು ಬಂದವರು ಬಾಸ್ಕೆಟ್‌ಬಾಲಿಗೆ ಕುಳಿತರೆ ಯಾರಿಗೆ ನಷ್ಟ? ಅಂಗಡಿಯವರು ಒಂದು ಗಡಿಯಾರಕ್ಕೋ ದೀಪಕ್ಕೋ ನೆರವಾದರೆ ಅವರ ಹೆಸರನ್ನು ಮೈಕಿನಲ್ಲಿ ನಾಲ್ಕು ಸಲ ಹೇಳಬಹುದು.

ಕಡೆಯದಾಗಿ ಪಂಚಾಂಗ. ಈ ಕೆಲಸದಲ್ಲಿ ಹೆಚ್ಚು ಕೆಡುವುದು ಇಲ್ಲಿಯೇ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ. ಆ ದಿನಗಳಲ್ಲಿ ಬೇರೆ ಆಟ ಇಡಬೇಡಿ, ಸಾಧ್ಯವಾದರೆ ಅಲ್ಲಿಗೇ ಹೋಗಿ ಆಡಿ. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಬಸ್ಸುಗಳೆಲ್ಲ ಯಲ್ಲಮ್ಮನ ಗುಡ್ಡದ ಕಡೆಗೆ ತಿರುಗಿರುತ್ತವೆ. ಹಿಂಗಾರಿ ಜೋಳ ಬಿತ್ತುವಾಗಲೂ ಕೊಯ್ಯುವಾಗಲೂ ಅರ್ಧ ತಂಡ ಹೊಲದಲ್ಲಿರುತ್ತದೆ. ಸೆಮಿಸ್ಟರ್ ಪರೀಕ್ಷೆ ಬೇರೆ. ಇವನ್ನೆಲ್ಲ ಕಳೆದು ಉಳಿಯುವ ಶನಿವಾರಗಳನ್ನು ಎಣಿಸಿ, ನಾಲ್ಕೂ ಕಾಲೇಜಿನವರು ಒಂದು ಕಡೆ ಕುಳಿತು, ವರ್ಷದ ಆರಂಭದಲ್ಲೇ ಪಟ್ಟಿ ಬರೆದು ಬಸ್ ನಿಲ್ದಾಣದ ಗೋಡೆಗೆ ಅಂಟಿಸಬೇಕು. ಹಿಂದಿನ ದಿನ ಸಂಜೆ ಸೂಚನಾ ಫಲಕಕ್ಕೆ ಚೀಟಿ ಹಚ್ಚಿದರೆ ಅದನ್ನು ಓದುವವನು ಜವಾನ ಒಬ್ಬನೇ. ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳೇ ಹೆಚ್ಚಾಗಿರುವ ಕಡೆ ಸಂಜೆ ಆರಕ್ಕೆ ಆಟವೆಂದರೆ ಅವರೆಲ್ಲ ಆಗಲೇ ಬಸ್ಸು ಹತ್ತಿರುತ್ತಾರೆ. ಆದ್ದರಿಂದ ಕರಪತ್ರ ಅಚ್ಚಿಗೆ ಕೊಡುವ ಮುಂಚೆ ನಿಲ್ದಾಣದ ನಿಯಂತ್ರಕರ ಹತ್ತಿರ ಹೋಗಿ, ಮುನವಳ್ಳಿಯ ಕಡೆಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಸುತ್ತಲಿನ ಹಳ್ಳಿಗಳಿಗೆ ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಳ್ಳಿ. ಆಟ ಮುಗಿಯುವ ಹೊತ್ತನ್ನು ಅದಕ್ಕಿಂತ ಅರ್ಧ ಗಂಟೆ ಮೊದಲಿಗೆ ಇಟ್ಟು, ಅಲ್ಲಿಂದ ಹಿಂದಕ್ಕೆ ಎಣಿಸಿ ಆರಂಭದ ಹೊತ್ತನ್ನು ಗೊತ್ತುಮಾಡಿ.