ಬಿಲ್ಡ್ ಉಪಕರಣ ಮತ್ತು ಸ್ಕ್ರಿಪ್ಟ್ ಭಾಷೆಯ ಪ್ರಶ್ನೆ: ಗ್ರೇಡಲ್‌ನ ನಿದರ್ಶನ

ತಂತ್ರಾಂಶವೊಂದರ ಮೂಲಸಂಕೇತವನ್ನು ಕಂಪೈಲ್ ಮಾಡಿ, ಅದಕ್ಕೆ ಬೇಕಾದ ಲೈಬ್ರರಿಗಳನ್ನು ಕೂಡಿಸಿ, ಪರೀಕ್ಷೆಗಳನ್ನು ನಡೆಸಿ, ಬಳಕೆಗೆ ಸಿದ್ಧವಾದ ರೂಪದಲ್ಲಿ ಹೊರತರುವ ಸಾಧನವೇ ಬಿಲ್ಡ್ ಉಪಕರಣ. ಈ ಕೆಲಸಗಳನ್ನು ಯಾವ ಕ್ರಮದಲ್ಲಿ, ಯಾವ ಷರತ್ತಿಗೆ ಒಳಪಟ್ಟು ಮಾಡಬೇಕೆಂದು ತಿಳಿಸುವ ಬರಹಕ್ಕೆ ಬಿಲ್ಡ್ ಸ್ಕ್ರಿಪ್ಟ್ ಎಂದು ಹೆಸರು. ಉಪಕರಣವು ವ್ಯಾಪಕ ಬಳಕೆಗೆ ಬಂದ ಮೇಲೆ ಈ ಸ್ಕ್ರಿಪ್ಟಿನ ಭಾಷೆಯನ್ನು ಬದಲಿಸುವುದು ಉಚಿತವೇ ಎಂಬುದು ಈ ವಿಚಾರಸಂಕಿರಣದ ಮುಂದಿರುವ ಪ್ರಶ್ನೆ.

ಪ್ರಶ್ನೆ ಹೊಸದಲ್ಲ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ರೂಪಿಸಿದ ಮೇಕ್ ಉಪಕರಣದಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕೆಂಬ ನಿಯಮವಿತ್ತು. ಬಳಕೆದಾರರು ಬೆರಳೆಣಿಕೆಯಷ್ಟಿದ್ದಾಗಲೇ ಅವರಿಗೆ ತೊಂದರೆಯಾಗಬಾರದೆಂದು ಅದನ್ನು ಹಾಗೆಯೇ ಬಿಟ್ಟದ್ದರಿಂದ, ಮುಂದಿನ ತಲೆಮಾರುಗಳೆಲ್ಲ ಅದನ್ನು ಅನುಭವಿಸಬೇಕಾಯಿತು. ಅನಂತರ ಜಾವಾ ಲೋಕದಲ್ಲಿ ಬಂದ ಆ್ಯಂಟ್ ಮತ್ತು ಮೇವನ್ ಎಕ್ಸ್‌ಎಂಎಲ್ ಅನ್ನು ಆರಿಸಿಕೊಂಡವು. ಮಾಹಿತಿಯನ್ನು ಅಚ್ಚುಕಟ್ಟಾಗಿ ಜೋಡಿಸಬಲ್ಲ ಆ ರೂಪಕ್ಕೆ ಷರತ್ತು, ಆವರ್ತನೆಗಳಂಥ ತರ್ಕವನ್ನು ಹೇಳುವುದು ಕಷ್ಟವಾದ್ದರಿಂದ, ಮುಂದೆ ಬಂದ ಗ್ರೇಡಲ್ ಎಂಬ ಬಿಲ್ಡ್ ಉಪಕರಣ ಪೂರ್ಣ ಪ್ರಮಾಣದ ಪ್ರೋಗ್ರಾಮಿಂಗ್ ಭಾಷೆಯಾದ ಗ್ರೂವಿಯನ್ನು ಹಿಡಿಯಿತು.

ಗ್ರೂವಿಯಲ್ಲಿ ಹೆಸರೊಂದರ ಅರ್ಥ ಸಾಮಾನ್ಯವಾಗಿ ನಿರ್ಧಾರವಾಗುವುದು ಸ್ಕ್ರಿಪ್ಟ್ ಓಡುವಾಗ. ಬರವಣಿಗೆ ಇದರಿಂದ ಹಗುರಾಗುತ್ತದೆಯಾದರೂ, ತಪ್ಪು ಕಾಗುಣಿತ ಓಡಿಸುವವರೆಗೂ ಬಯಲಾಗುವುದಿಲ್ಲ ಮತ್ತು ಸಂಪಾದಕ ತಂತ್ರಾಂಶಕ್ಕೆ ಸರಿಯಾದ ಸಲಹೆ ಕೊಡಲಾಗುವುದಿಲ್ಲ. ಕಾಟ್ಲಿನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ರತಿ ಹೆಸರಿನ ಪ್ರಕಾರ ಕಂಪೈಲ್ ಹಂತದಲ್ಲೇ ತಿಳಿದಿರಬೇಕು. ಈ ಗುಣಕ್ಕಾಗಿಯೇ ಗ್ರೇಡಲ್ 2016ರಲ್ಲಿ ಕಾಟ್ಲಿನ್ ಬೆಂಬಲವನ್ನು ಘೋಷಿಸಿತು, 2018ರ 5.0 ಆವೃತ್ತಿಯಲ್ಲಿ ಅದನ್ನು ಸ್ಥಿರರೂಪದಲ್ಲಿ ನೀಡಿತು, 2023ರಲ್ಲಿ ಹೊಸ ಯೋಜನೆಗಳಿಗೆ ಅದನ್ನೇ ಪೂರ್ವನಿಯೋಜಿತ ಆಯ್ಕೆಯಾಗಿಸಿತು. ಅಷ್ಟರಲ್ಲಿ ಗ್ರೇಡಲ್ ಬಳಸುವ ಆ್ಯಂಡ್ರಾಯ್ಡ್ ಅಭಿವೃದ್ಧಿಕಾರರಲ್ಲಿ ಅನೇಕರು ಆ್ಯಪ್‌ಗಳನ್ನೇ ಕಾಟ್ಲಿನ್‌ನಲ್ಲಿ ಬರೆಯುತ್ತಿದ್ದುದರಿಂದ, ಎರಡನೆಯ ಭಾಷೆಯೊಂದನ್ನು ಬಿಲ್ಡ್‌ಗಾಗಿಯೇ ಕಲಿಯುವ ಹೊರೆಯೂ ಅವರಿಗೆ ತಪ್ಪಿತು.

ಈ ಬದಲಾವಣೆ ಸಾಧ್ಯವಾದದ್ದರ ಕಾರಣವನ್ನು ಭಾಷೆಗಳ ಗುಣದೋಷಗಳಿಗಿಂತ ಉಪಕರಣದ ಒಳರಚನೆಯಲ್ಲಿ ಹುಡುಕಬೇಕು. ಯೋಜನೆ, ಕಾರ್ಯ, ಅವಲಂಬನೆ ಎಂಬ ಗ್ರೇಡಲ್‌ನ ಮೂಲ ಪರಿಕಲ್ಪನೆಗಳು ಜಾವಾ ಇಂಟರ್‌ಫೇಸ್‌ಗಳಾಗಿದ್ದು, ಗ್ರೂವಿ ಅವುಗಳ ಮೇಲಿನ ಹೊದಿಕೆಯಷ್ಟೇ ಆಗಿತ್ತು. ಆದ್ದರಿಂದ ಒಂದೇ ಬಿಲ್ಡ್‌ನಲ್ಲಿ ಎರಡೂ ಭಾಷೆಗಳ ಸ್ಕ್ರಿಪ್ಟ್‌ಗಳು ಜೊತೆಗಿರಬಲ್ಲವು. ಗ್ರೂವಿಯ ಬೆಂಬಲವನ್ನೂ ಕೈಬಿಡಬೇಕಾಗಲಿಲ್ಲ.

ಆದರೂ ಬೆಲೆ ತೆರದೆ ಇದು ಆಗಲಿಲ್ಲ. ಪ್ಲಗಿನ್‌ಗಳು, ಅಂದರೆ ಉಪಕರಣದ ಸಾಮರ್ಥ್ಯವನ್ನು ವಿಸ್ತರಿಸುವ ಘಟಕಗಳು, ತರುವ ಹೆಸರುಗಳು ಕಾಟ್ಲಿನ್‌ಗೆ ಮೊದಲೇ ಗೊತ್ತಾಗಬೇಕಾದ್ದರಿಂದ, ಸ್ಕ್ರಿಪ್ಟಿನ ಪ್ಲಗಿನ್ ಭಾಗವನ್ನು ಮುಂಚಿತವಾಗಿ ಓದಿ, ಅದಕ್ಕೆ ತಕ್ಕ ಸಂಕೇತವನ್ನು ತಾನೇ ಉತ್ಪಾದಿಸುವ ವ್ಯವಸ್ಥೆ ಬೇಕಾಯಿತು. ಕ್ಯಾಶ್, ಅಂದರೆ ಹಿಂದಿನ ಕಂಪೈಲ್‌ನ ಫಲಿತಾಂಶಗಳ ಸಂಗ್ರಹ, ಇಲ್ಲದ ಹೊಸ ಯಂತ್ರದಲ್ಲಿ ಕಾಟ್ಲಿನ್ ಸ್ಕ್ರಿಪ್ಟಿನ ಮೊದಲ ಕಂಪೈಲ್ ಗ್ರೂವಿಗಿಂತ ನಿಧಾನ. ಪ್ರತಿ ಸಲ ಹೊಸ ಯಂತ್ರವನ್ನೇ ಬಳಸುವ ಸ್ವಯಂಚಾಲಿತ ಬಿಲ್ಡ್ ವ್ಯವಸ್ಥೆಗಳಿಗೆ ಇದು ಸಣ್ಣ ಮಾತಲ್ಲ.

ಸ್ಕ್ರಿಪ್ಟಿಗೆ ಇಷ್ಟೊಂದು ಶಕ್ತಿ ಬೇಕೇ ಎಂಬ ಆಕ್ಷೇಪವೂ ಗಣನೀಯ. ಗೂಗಲ್‌ನ ಬೇಜ಼ಲ್ ಎಂಬ ಬಿಲ್ಡ್ ಉಪಕರಣ ಬಳಸುವ ಸ್ಟಾರ್‌ಲಾರ್ಕ್ ಭಾಷೆ, ಪೈಥಾನ್‌ನಂತೆ ಕಂಡರೂ ಪುನರಾವರ್ತಕ ಕರೆಗಳಿಗೂ ಕೊನೆಯಿಲ್ಲದ ಆವರ್ತನೆಗೂ ಎಡೆಗೊಡದೆ, ಬಿಲ್ಡ್ ಎಲ್ಲೆಡೆ ಒಂದೇ ಫಲ ಕೊಡುವಂತೆ ಬರೆಯುವವರ ಸ್ವಾತಂತ್ರ್ಯವನ್ನು ಬೇಕೆಂದೇ ಮೊಟಕುಗೊಳಿಸುತ್ತದೆ.

ಹಾಗಾಗಿ ಮುಂದಿನ ಗೋಷ್ಠಿಗಳು ಯಾವ ಭಾಷೆ ಚೆಲುವಾದದ್ದು ಎಂಬ ಚರ್ಚೆಗಿಂತ, ಉಪಕರಣದ ತಿರುಳು ಸ್ಕ್ರಿಪ್ಟ್ ಭಾಷೆಯಿಂದ ಎಷ್ಟು ಬೇರ್ಪಟ್ಟಿದೆ ಎಂಬುದನ್ನು ಮೊದಲು ಪರಿಶೀಲಿಸುವುದು ಯುಕ್ತ. ಬೇರ್ಪಡದಿದ್ದರೆ ಆ ಕೆಲಸ ಮುಗಿಯುವವರೆಗೆ ಭಾಷೆಯ ಬದಲಾವಣೆ ಕಾಯಬೇಕು. ಬೇರ್ಪಟ್ಟಿದ್ದರೆ ಹೊಸ ಭಾಷೆಯನ್ನು ಹಳೆಯದರ ಜೊತೆಯಲ್ಲೇ ತಂದು, ಯಾವಾಗ ದಾಟಬೇಕೆಂಬ ತೀರ್ಮಾನವನ್ನು ಸ್ಕ್ರಿಪ್ಟ್‌ಗಳನ್ನು ನಿರ್ವಹಿಸುವವರಿಗೇ ಬಿಡಬೇಕು.