ಜೋಡಿ ಎತ್ತಿನ ಲೆಕ್ಕ

ಇವತ್ತಿನ ಎಪಿಸೋಡನ್ನು ಖಾನಾಪುರದಲ್ಲಿ ಕೂತು ರೆಕಾರ್ಡ್ ಮಾಡ್ತಿದ್ದೀನಿ. ಹಿಂದೆ ಬಸ್ಸಿನ ಹಾರ್ನ್ ಕೇಳಿದ್ರೆ ಸ್ವಲ್ಪ ಸಹಿಸ್ಕೊಳ್ರಿ.

ಹೋದ ಚಳಿಗಾಲದಲ್ಲಿ ನಾವು ಮೂವರು ಗೆಳೆಯರು ಈ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಹೋಗಿದ್ವಿ. ಅಲ್ಲಿರೋದು ಸುಮಾರು 60 ಮಕ್ಕಳು. ವೇಳಾಪಟ್ಟಿಯಲ್ಲಿ ಶನಿವಾರ ಚಿತ್ರಕಲೆ ಅಂತ ಬರೆದಿದೆ, ನಡೆಯೋದು ಗಣಿತ. ಅಕ್ಕೋರನ್ನ ಕೇಳಿದೆ. "ತಮ್ಮಾ, ನನಗೆ ಚಿತ್ರ ಬರಂಗಿಲ್ಲ. ಕಲಿಸೋರನ್ನ ಕಳಸ್ರಿ ಅಂದ್ರ ಕಾಯ್ದೆದಾಗ ಇಲ್ಲ ಅಂತಾರ" ಅಂದ್ರು.

ಅವರು ಹೇಳಿದ್ದು ಸುಳ್ಳಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡ್ರಿ. 6ರಿಂದ 8ನೇ ತರಗತಿಗೆ ಕಲಾ ಶಿಕ್ಷಣದ ಅರೆಕಾಲಿಕ ಶಿಕ್ಷಕರು ಬೇಕು ಅಂತ ಇದೆ, ಆದ್ರೆ ಮಕ್ಕಳ ಸಂಖ್ಯೆ 100 ದಾಟಿರಬೇಕು. ಕಾಡಂಚಿನ ಸಣ್ಣ ಸಣ್ಣ ಊರುಗಳೇ ತುಂಬಿರೋ ತಾಲ್ಲೂಕಲ್ಲಿ 100 ಮಕ್ಕಳನ್ನ ಎಲ್ಲಿಂದ ತರೋದು? ಇನ್ನು ಸಮಗ್ರ ಶಿಕ್ಷಣದ ಸಂಯುಕ್ತ ಅನುದಾನ. 60 ಮಕ್ಕಳ ಶಾಲೆಗೆ ಮಾರ್ಗಸೂಚಿ ಪ್ರಕಾರ ವರ್ಷಕ್ಕೆ 25,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು. ಕರೆಂಟು, ರಿಪೇರಿ, ಕಲಿಕಾ ಸಾಮಗ್ರಿ, ಎಲ್ಲಾ ಅದರಲ್ಲೇ. ಬಣ್ಣದ ಡಬ್ಬಿ ಸರದಿ ಬರೋ ಹೊತ್ತಿಗೆ ದುಡ್ಡು ಮುಗಿದಿರುತ್ತೆ.

ಇದೇ ಜಿಲ್ಲೆಯ ಕಥೆ ಬೇರೆ ಥರಾನೂ ಇದೆ. ಪ್ರಸಿದ್ಧ ಚಿತ್ರಕಾರ ರವಿ ಪರಾಂಜಪೆ ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರ ಕೈಯಲ್ಲಿ ಕಲಿತವರು. ಟಿಳಕವಾಡಿಯ ಕಲಾ ಗ್ಯಾಲರಿಗೆ ಆ ಗುರುಗಳ ಹೆಸರೇ ಇದೆ. ಒಬ್ಬ ಮೇಷ್ಟ್ರು ಸಿಕ್ಕಿದ್ದಕ್ಕೆ ಆದದ್ದು ಅದು.

ನಮ್ಮ ಐಡಿಯಾ ಇಷ್ಟೇ. ಮಕ್ಕಳೆಲ್ಲ ಸೇರಿ ಮಣ್ಣೆತ್ತು ಮಾಡೋದು, ಖಾನಾಪುರದಲ್ಲೇ ಸುಡಿಸೋದು, ಬೆಳಗಾವಿಯ ಒಂದು ಹಾಲ್‌ನಲ್ಲಿ ನೆಲದ ತುಂಬಾ ನಿಲ್ಲಿಸೋದು, ನೋಡೋಕೆ ಬಂದವರಿಗೆ ಜೋಡಿ ಜೋಡಿ ಮಾರೋದು. ಆ ದುಡ್ಡಲ್ಲಿ ವಾರಕ್ಕೊಂದು ದಿನ ಚಿತ್ರಕಲಾ ಮೇಷ್ಟ್ರು. ಇದು ಪೂರ್ತಿ ನಮ್ಮ ತಲೆಯಿಂದ ಬಂದಿದ್ದಲ್ಲ. ಇಂಗ್ಲೆಂಡಿನ ಸೇಂಟ್ ಹೆಲೆನ್ಸ್‌ನಲ್ಲಿ 1993ರಲ್ಲಿ ಆಂಟನಿ ಗೋರ್ಮ್ಲಿ ಅನ್ನೋ ಕಲಾವಿದ ಊರಿನ ಜನರ ಕೈಯಿಂದ, ಇಟ್ಟಂಗಿ ಮಣ್ಣಲ್ಲಿ, ಸುಮಾರು 40,000 ಪುಟ್ಟ ಗೊಂಬೆ ಮಾಡಿಸಿದ್ರು. 2014ರಲ್ಲಿ ಲಂಡನ್ ಟವರ್ ಸುತ್ತ 8,88,246 ಸಿರಾಮಿಕ್ ಹೂವು ನಿಲ್ಲಿಸಿ, ಒಂದೊಂದನ್ನೂ 25 ಪೌಂಡಿಗೆ ಮಾರಿ ದತ್ತಿ ಸಂಸ್ಥೆಗಳಿಗೆ ಕೊಟ್ರು. ನಮಗೆ ಮಣ್ಣಿಗೇನು ಬರ? ಹಂಚು, ಇಟ್ಟಂಗಿಗೆ ಹೆಸರಾದ ಊರು ಇದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಖಾನಾಪುರದಲ್ಲೇ ಇದೆ.

ಟ್ರಯಲ್ ಅಂತ 40 ಎತ್ತು ಮಾಡಿಸಿದ್ವಿ. ಆವಿಗೆಯಲ್ಲಿ ಹನ್ನೊಂದು ಸಿಡಿದು ಚೂರಾದವು. ಕುಂಬಾರ ಕಾಕಾ ಸಿಡಿದ ಒಂದರ ಹೊಟ್ಟೆ ತೋರಿಸಿ ನಕ್ಕರು. "ಮಕ್ಕಳು ಎತ್ತಿಗೆ ಭಾಳ ಉಣಿಸ್ಯಾರ ನೋಡ್ರಿ." ದಪ್ಪ ಮೈ ಒಳಗಡೆ ಒಣಗಿರಲ್ಲ, ಬೆಂಕಿಗೆ ಹಸಿ ಆವಿಯಾಗಿ ಒಡೆಯುತ್ತೆ. ಹೊಟ್ಟೆ ಕೆಳಗೆ ಬೆರಳು ಹಾಕಿ ಟೊಳ್ಳು ಮಾಡಬೇಕಂತೆ. ಮಣ್ಣೆತ್ತಿನ ಅಮಾವಾಸ್ಯೆ ಹೊತ್ತಿಗೇ ಮಾಡೋಣ ಅನ್ನೋ ನಮ್ಮ ಆಸೆಗೂ ಅವರೇ ನೀರು ಬಿಟ್ರು. ಆಗ ಮಳೆ ಹಿಡಿದಿರುತ್ತೆ, ಇಲ್ಲಿಯ ಮಳೆಗೆ ಅಂಗಿನೇ ಒಣಗಂಗಿಲ್ಲ!

ಈಗ ನನ್ನ ಬಿ.ಕಾಂ. ಬುದ್ಧಿ. ಮೇಷ್ಟ್ರಿಗೆ ಒಂದು ಭೇಟಿಗೆ 1,000 ರೂಪಾಯಿ, ವರ್ಷಕ್ಕೆ 35 ವಾರ, ಒಟ್ಟು 35,000. ಒಂದು ಜೋಡಿಗೆ ಬೆಲೆ 300. ಮಣ್ಣು, ಸುಡೋ ಖರ್ಚು 60, ಸಾಗಣೆ-ಪ್ಯಾಕಿಂಗ್ 30. ಉಳಿಯೋದು 210. ಅಂದ್ರೆ 167 ಜೋಡಿ ಮಾರಿದ್ರೆ ಒಂದು ಶಾಲೆಯ ಒಂದು ವರ್ಷ ದಾಟಿತು.

ಲೆಕ್ಕ ಸರಿ ಇತ್ತು. ಆದ್ರೆ ಐದನೇ ಕ್ಲಾಸಿನ ಒಬ್ಬ ಹುಡುಗಿ ತನ್ನ ಎತ್ತುಗಳನ್ನ ಲಂಗದಲ್ಲಿ ಮುಚ್ಚಿಕೊಂಡು ಕೂತುಬಿಟ್ಲು. ಮಾರಂಗಿಲ್ಲ ಅಂದ್ಲು. ಒಂದು ನಿನಗೆ, ಒಂದು ನಮಗೆ ಅಂದೆ. "ಜೋಡಿ ಬಿಡಸ್ತಾರೇನ್ರಿ?" ಅಂತ ನನ್ನನ್ನೇ ಬೈದ್ಲು. ಸರಿ, ಪ್ರತಿ ಮಗುವೂ ಎರಡು ಜೋಡಿ ಮಾಡಲಿ, ಒಂದು ಮನೆಗೆ ಅಂತ ಫೋನ್ ತೆಗೆದು ಮತ್ತೆ ಲೆಕ್ಕ ಹಾಕಿದೆ. ಸುಡೋ ಖರ್ಚು ಇನ್ನೂ 60, ಉಳಿಯೋದು 150, ಮಾರಬೇಕಾದ್ದು 234 ಜೋಡಿ. ಅಕ್ಕೋರು ನಗೋಕೆ ಶುರು ಮಾಡಿದ್ರು. "ಪೂಜೆ ಎತ್ತು ಯಾರರ ಸುಡತಾರೇನೋ ತಮ್ಮಾ? ಮನೀಗಿ ಹಸೀವು ಒಯ್ಯಲಿ." ಮೂರು ವರ್ಷ ಕಾಸ್ಟ್ ಅಕೌಂಟಿಂಗ್ ಓದಿದವನಿಗೆ ಇದು ಹೊಳೆದಿರಲಿಲ್ಲ.

ಅಕ್ಕೋರ ಇನ್ನೊಂದು ಪ್ರಶ್ನೆಗೆ ಮಾತ್ರ ನನ್ನ ಹತ್ರ ಉತ್ತರ ಇರಲಿಲ್ಲ. "ಒಂದು ವರ್ಷ ಕಲಿಸಿ ಬಿಟ್ರ, ಮುಂದ?" ಗಣಪತಿ ಮಂಡಳದವರು ವರ್ಷಾ ಪಟ್ಟಿ ಎತ್ತಿದ ಹಾಗೆ ನಾವೂ ಪ್ರತಿ ವರ್ಷ ಎತ್ತಬಹುದು, ಆದ್ರೆ ಒಂದು ವರ್ಷ ಮಾರಾಟ ಬಿದ್ರೆ ಮೇಷ್ಟ್ರು ನಿಲ್ತಾರೆ. ಹಂಗಾಗಿ ನಾನು ಹೇಳ್ತಿರೋದು ಎರಡು ಕೆಲಸ. ಎತ್ತು ಮಾರೋದು ಒಂದು. ಸಣ್ಣ ನಾಲ್ಕೈದು ಶಾಲೆಗೆ ಸೇರಿಸಿ ಒಬ್ಬ ಕಲಾ ಶಿಕ್ಷಕರನ್ನ ಕೊಡ್ರಿ ಅಂತ ಇಲಾಖೆಗೆ ಅರ್ಜಿ ಬರೆಯೋದು ಇನ್ನೊಂದು. ದಾನಿಗಳ ಹೆಸರಿನ ಬೋರ್ಡ್ ಗೋಡೆಗೆ ಹಾಕಲ್ಲ, ಅದು ಮೊದಲೇ ಹೇಳಿಬಿಡ್ತೀನಿ. ಜಮಾ-ಖರ್ಚಿನ ಪ್ರತಿ ರೂಪಾಯಿಯನ್ನೂ ಈ ಪಾಡ್‌ಕಾಸ್ಟ್‌ನಲ್ಲೇ ಓದ್ತೀನಿ.

ದೀಪಾವಳಿ ಆದ ಮೇಲೆ ಮಣ್ಣು ಕಲಸೋದು ಶುರು. ಬೆಳಗಾವಿಯಲ್ಲಿ ಮೂರು ದಿನಕ್ಕೆ ಬಾಡಿಗೆ ಇಲ್ಲದೆ ಒಂದು ಹಾಲ್ ಬೇಕು, ನೆಲ ಸಮ ಇದ್ರೆ ಸಾಕು. ಆ ಹುಡುಗಿ ಈಗಾಗಲೇ ನಾಲ್ಕು ಎತ್ತು ಮಾಡಿಟ್ಟಿದ್ದಾಳಂತೆ, ಯಾವ ಜೋಡಿ ಕೊಡ್ತಾಳೋ ಇನ್ನೂ ಹೇಳಿಲ್ಲ.